ಹ್ಯಾಗಿಸ್ ಮಾಡಹೊರಟವರಿಗೆ ಕೆಲವು ಕಿವಿಮಾತು

ಹ್ಯಾಗಿಸ್ ಮನೆಯಲ್ಲೇ ಮಾಡ್ತೀನಿ ಅಂತ ಹೊರಟಿದ್ದೀಯಲ್ಲ ಮಗಾ, ಒಳ್ಳೇದೇ. ಸ್ಕಾಟ್ಲೆಂಡಿನ ಅಂಗಡಿಗಳಲ್ಲಿ ಸಿದ್ಧವಾದದ್ದು ವರ್ಷವಿಡೀ ಸಿಗುತ್ತೆ. ಇಲ್ಲಿಯ ಹೆಚ್ಚಿನ ಮನೆಗಳಲ್ಲಿ ಕೊಂಡು ತಂದು ಬಿಸಿ ಮಾಡಿ ತಿಂತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕೈಯಾರೆ ಮಾಡಿದವರಿಗಷ್ಟೇ ಗೊತ್ತಾಗೋ ಸಂಗತಿ ಒಂದಿದೆ. ಕೇಳಿದವರೆಲ್ಲ ಇದನ್ನು ಕುರಿಯ ಗುಂಡಿಗೆ, ಲಿವರ್, ಪುಪ್ಪುಸದ ಅಡುಗೆ ಅಂತಾರೆ. ಮಾಂಸ ರುಚಿ ಕೊಡುತ್ತೆ ನಿಜ, ಅಡುಗೆ ಕುದುರೋದು ಕೆಡೋದು ಮಾತ್ರ ಓಟ್ಸಿನ ಮೇಲೆ ನಿಂತಿದೆ. ಈ ಒಂದು ಮಾತು ತಲೆಯಲ್ಲಿದ್ದರೆ ಕೆಳಗಿನದೆಲ್ಲ ತಾನಾಗಿ ಅರ್ಥವಾಗುತ್ತೆ.

ಕೈ ಹಾಕುವ ಮೊದಲು

• ಎರಡು ದಿನ ಬಿಡುವು ಮಾಡಿಕೋ. ಮೊದಲ ದಿನ ತೊಳೆದು ಬೇಯಿಸೋದು, ಎರಡನೇ ದಿನ ಕಲಸಿ, ತುಂಬಿ, ಮತ್ತೆ ಬೇಯಿಸೋದು. ಒಂದೇ ದಿನಕ್ಕೆ ಮುಗಿಸ್ತೀನಿ ಅಂದರೆ ಬಿಸಿ ಮಾಂಸ ಹೆಚ್ಚಬೇಕಾಗುತ್ತೆ, ಬಿಸಿ ಲಿವರ್ ತುರಿಯಬೇಕಾಗುತ್ತೆ. ಎರಡೂ ಆಗುವ ಕೆಲಸವಲ್ಲ.

• ಕವಿ ರಾಬರ್ಟ್ ಬರ್ನ್ಸ್ ನೆನಪಿನ ಜನವರಿ 25ರ ಬರ್ನ್ಸ್ ನೈಟ್‌ಗೇ ಮೊದಲ ಸಲ ಮಾಡೋಕೆ ಹೋಗಬೇಡ. ನವೆಂಬರ್‌ನಲ್ಲೋ ಡಿಸೆಂಬರ್‌ನಲ್ಲೋ ಮನೆಯವರಿಗಷ್ಟೇ ಒಮ್ಮೆ ಮಾಡಿ ಕೈ ಪಳಗಿಸಿಕೋ. ನೆಂಟರಿಷ್ಟರನ್ನು ಆಮೇಲೆ ಕರಿ.

• ದೊಡ್ಡ ಪಾತ್ರೆ ಬೇಕು, ಎಂಟು ಹತ್ತು ಲೀಟರ್ ಹಿಡಿಯುವಂಥದ್ದು. ಜೊತೆಗೆ ದಪ್ಪ ಸೂಜಿ, ಗಟ್ಟಿ ಹತ್ತಿ ದಾರ ಅಥವಾ ನಾರಿನ ದಾರ, ತುರಿಯುವ ಮಣೆ, ಕೈಮಾ ಮಾಡುವ ಯಂತ್ರ ಇದ್ದರೆ ಸರಿ, ಇಲ್ಲದಿದ್ದರೆ ಹರಿತವಾದ ಚಾಕು. ಬಣ್ಣದ ದಾರ, ನೈಲಾನ್ ದಾರ ಬೇಡ.

• ಕುಕ್ಕರ್ ಮುಟ್ಟಬೇಡ. ನಮ್ಮವರಿಗೆ ಗಟ್ಟಿ ಮಾಂಸ ಕಂಡರೆ ಕೈ ತಾನಾಗಿ ಕುಕ್ಕರ್ ಕಡೆ ಹೋಗುತ್ತೆ. ಪುಪ್ಪುಸ ಬೇಯುವಾಗ ನೊರೆ ಬಹಳ ಬರುತ್ತೆ, ಅದು ವಿಷಲ್ ಇಡುವ ಕಿಂಡಿಯಲ್ಲಿ ಕಟ್ಟಿಕೊಂಡರೆ ಅಪಾಯ. ಮಾಂಸ, ಓಟ್ಸ್ ಕಲಸಿ ತುಂಬಿದ ಹೊಟ್ಟೆಚೀಲವನ್ನು ಕುಕ್ಕರಿಗೆ ಹಾಕಿದರಂತೂ ಒಡೆದು ಗಂಜಿಯಾಗುತ್ತೆ.

ಸಾಮಾನು ತರುವಾಗ

• ಗುಂಡಿಗೆ, ಲಿವರ್, ಪುಪ್ಪುಸ ಮೂರೂ ಶ್ವಾಸನಾಳದ ಸಮೇತ ಒಟ್ಟಿಗೆ ಇರುವುದಕ್ಕೆ ಇಲ್ಲಿಯ ಕಸಾಯಿಗಳು ‘ಪ್ಲಕ್’ ಅಂತಾರೆ. ಸೂಪರ್‌ಮಾರ್ಕೆಟ್‌ನಲ್ಲಿ ಹುಡುಕಬೇಡ, ಸಿಗಲ್ಲ. ಸ್ವಂತ ಅಂಗಡಿ ಇಟ್ಟಿರುವ ಕಸಾಯಿಯ ಹತ್ತಿರ, ಇಲ್ಲವೇ ಹಲಾಲ್ ಅಂಗಡಿಯಲ್ಲಿ, ಒಂದು ವಾರ ಮುಂಚೆ ಹೇಳಿಡು. ಜನವರಿಯಲ್ಲಿ ಅವರಿಗೆ ಪುರುಸೊತ್ತು ಇರಲ್ಲ, ಇನ್ನೂ ಮುಂಚೆ ಹೇಳು.

• ಶ್ವಾಸನಾಳ ಕತ್ತರಿಸಬೇಡಿ ಅಂತ ಕಸಾಯಿಗೆ ಖಂಡಿತ ಹೇಳು. ಅದು ತಿನ್ನೋಕಲ್ಲ, ಬೇಯಿಸುವಾಗ ಅದರಿಂದ ಕೆಲಸ ಇದೆ.

• ತರುವಾಗಲೇ ಬಣ್ಣ ನೋಡು. ಪುಪ್ಪುಸ ತಿಳಿ ಗುಲಾಬಿ ಇರಬೇಕು, ಲಿವರ್ ಕಂದುಗೆಂಪಾಗಿ ಹೊಳೀತಿರಬೇಕು. ಹುಳಿ ವಾಸನೆ ಬಂದರೆ, ಲಿವರ್ ಮೇಲೆ ಬಿಳಿ ಚುಕ್ಕೆ ಗಂಟು ಕಂಡರೆ ವಾಪಸ್ ಕೊಡು. ದಾಕ್ಷಿಣ್ಯ ಬೇಡ.

• ಚೀಲಕ್ಕೆ ಕುರಿಯ ಹೊಟ್ಟೆಯೇ ಹಳೆಯ ಪದ್ಧತಿ. ಈಗ ಹೆಚ್ಚಿನವರು ದನದ ದೊಡ್ಡಕರುಳಿನ ಚೀಲ ಬಳಸ್ತಾರೆ, ಅಂಗಡಿಯಲ್ಲಿ ಸಿದ್ಧವಾಗಿ ಬರುವ ಹ್ಯಾಗಿಸ್‌ಗೆ ಕೃತಕ ಚೀಲವೂ ಉಂಟು. ನಿನ್ನ ಮನೆಯಲ್ಲಿ ದನದ ಮಾಂಸ ತಿನ್ನಲ್ಲ ಅಂದರೆ ಚೀಲ ಯಾವುದರದ್ದು ಅಂತ ಬಾಯಿ ಬಿಟ್ಟು ಕೇಳು. ಯಾರೂ ತಾನಾಗಿ ಹೇಳಲ್ಲ.

• ಕೊಬ್ಬಿನ ವಿಷಯದಲ್ಲೂ ಹಾಗೇ. ಮೂತ್ರಪಿಂಡದ ಸುತ್ತ ಇರುವ ಗಟ್ಟಿ ಬಿಳಿ ಕೊಬ್ಬು ಬೇಕು. ಅದಕ್ಕೆ ಸೂಯೆಟ್ ಅಂತಾರೆ. ಡಬ್ಬಿಯಲ್ಲಿ ಬರುವುದು ಸಾಮಾನ್ಯವಾಗಿ ದನದ್ದು, ತರಕಾರಿ ಎಣ್ಣೆಯದೂ ಉಂಟು. ಕುರಿಯ ಕೊಬ್ಬು ಬೇಕಾದರೆ ಪ್ಲಕ್ ಜೊತೆಗೇ ಕೇಳಿ ತಗೋ. ಡಬ್ಬಿಯದಕ್ಕೆ ಅಂಟದಿರಲಿ ಅಂತ ಹಿಟ್ಟು ಉದುರಿಸಿರುತ್ತಾರೆ, ಅದನ್ನು ಹಾಕಿದರೆ ಓಟ್ಸ್ ಒಂದು ಹಿಡಿ ಕಡಿಮೆ ಮಾಡು.

• ಈಗ ಮುಖ್ಯವಾದದ್ದು. ಗಂಜಿ ಮಾಡುವ, ಚಪ್ಪಟೆಯಾಗಿ ಒತ್ತಿದ ಓಟ್ಸ್ ಪೊಟ್ಟಣ ತರಬೇಡ. ಅದು ಬೆಂದರೆ ಅಂಟಾಗುತ್ತೆ. ಇಡೀ ಕಾಳನ್ನು ಎರಡು ಮೂರು ತುಂಡು ಮಾಡಿದ ನುಚ್ಚು ಬೇಕು, ಇಲ್ಲಿ ಅದಕ್ಕೆ ಪಿನ್‌ಹೆಡ್ ಓಟ್‌ಮೀಲ್ ಅಂತಾರೆ. ಅದರ ಜೊತೆ ಮೂರರಲ್ಲಿ ಒಂದು ಪಾಲು ಸಣ್ಣ ನುಚ್ಚು, ಅಂದರೆ ಮೀಡಿಯಂ ಓಟ್‌ಮೀಲ್, ಬೆರೆಸಿದರೆ ಕಾಳು ಕಾಳಾಗಿಯೂ ಇರುತ್ತೆ, ಹಿಡಿದೂ ನಿಲ್ಲುತ್ತೆ.

• ಒಂದು ಪ್ಲಕ್‌ಗೆ ಅಳತೆ ಹೀಗಿರಲಿ: ಓಟ್ಸ್ ನುಚ್ಚು 450 ಗ್ರಾಂ, ಕೊಬ್ಬು 250 ಗ್ರಾಂ, ಮೂರು ನಾಲ್ಕು ಈರುಳ್ಳಿ, ಉಪ್ಪು ಒಂದೂವರೆ ದೊಡ್ಡ ಚಮಚ, ಕಾಳುಮೆಣಸಿನ ಪುಡಿ ತುಂಬಿದ ಎರಡು ಚಿಕ್ಕ ಚಮಚ, ಕೊತ್ತಂಬರಿ ಬೀಜದ ಪುಡಿ ಮತ್ತು ಆಲ್‌ಸ್ಪೈಸ್ ಒಂದೊಂದು ಚಿಕ್ಕ ಚಮಚ, ಜಾಯಿಕಾಯಿ ಜಾಪತ್ರೆ ಅರ್ಧರ್ಧ. ಹತ್ತು ಹನ್ನೆರಡು ಜನಕ್ಕೆ ಧಾರಾಳ.

ಮೊದಲ ದಿನ

• ಊರಲ್ಲಿ ಬೋಟಿ ತೊಳೆದ ಕೈಗೆ ಹೊಟ್ಟೆಚೀಲ ಹೊಸದಲ್ಲ. ತಣ್ಣೀರಲ್ಲಿ ತೊಳೆದು, ಒಳಮೈ ಹೊರಗೆ ಮಾಡಿ, ಬಿಸಿನೀರು ಹುಯ್ದು, ಚಾಕುವಿನ ಬೆನ್ನಿನಿಂದ ಕೆರೆದು, ಉಪ್ಪು ಹಾಕಿ ಉಜ್ಜು. ತೂತು ಬೀಳಿಸಬೇಡ. ಆಮೇಲೆ ಉಪ್ಪು ನೀರಲ್ಲಿ ಮುಳುಗಿಸಿ ರಾತ್ರಿಯೆಲ್ಲ ಫ್ರಿಜ್ಜಿನಲ್ಲಿಡು. ಚೊಕ್ಕ ಮಾಡಿ ಕೊಟ್ಟಿದ್ದರೂ ರಾತ್ರಿ ನೆನೆಸೋದು ಬಿಡಬೇಡ.

• ಲಿವರ್‌ಗೆ ಅಂಟಿಕೊಂಡು ಹಸಿರು ಪಿತ್ತಕೋಶ ಉಳಿದಿದೆಯಾ ನೋಡು. ಇದ್ದರೆ ಸುತ್ತಲಿನ ಲಿವರ್ ಸ್ವಲ್ಪ ಹೋದರೂ ಪರವಾಗಿಲ್ಲ, ಒಡೆಯದ ಹಾಗೆ ಕತ್ತರಿಸಿ ತೆಗಿ. ಒಡೆದರೆ ಆ ಕಹಿ ಯಾವ ಮಸಾಲೆಗೂ ಬಗ್ಗಲ್ಲ.

• ಗುಂಡಿಗೆ ಸೀಳಿ ಒಳಗೆ ಹೆಪ್ಪುಗಟ್ಟಿದ ರಕ್ತ ತೊಳಿ. ಪ್ಲಕ್ಕನ್ನು ಉಪ್ಪು ಹಾಕಿದ ತಣ್ಣೀರಲ್ಲಿ ಒಂದೆರಡು ಗಂಟೆ ನೆನೆಹಾಕಿ, ನೀರು ಒಂದು ಸಲ ಬದಲಾಯಿಸು.

• ಪಾತ್ರೆಗೆ ಹಾಕುವಾಗ ಶ್ವಾಸನಾಳ ಅಂಚಿನಿಂದ ಹೊರಗೆ ಇಳಿಬೀಳಲಿ, ಅದರ ಕೆಳಗೆ ಒಂದು ಬಟ್ಟಲಿಡು. ಬೇಯುತ್ತಾ ಪುಪ್ಪುಸದೊಳಗಿನ ನೊರೆ, ಲೋಳೆ ಎಲ್ಲ ಆ ನಾಳದಿಂದಲೇ ಬಟ್ಟಲಿಗೆ ಇಳಿಯುತ್ತೆ. ನೋಡೋಕೆ ಚೆನ್ನಾಗಿರಲ್ಲ, ಆದರೆ ಅದು ಹೊರಗೆ ಹೋದರೇ ಸಾರು ಶುದ್ಧ. ಬರ್ನರ್ ಮೇಲೆ ತೊಟ್ಟಿಕ್ಕದ ಹಾಗೆ ನೋಡಿಕೋ.

• ಪುಪ್ಪುಸ ಗಾಳಿ ತುಂಬಿಕೊಂಡು ತೇಲುತ್ತೆ. ಮೇಲೊಂದು ತಟ್ಟೆ ಕವುಚಿ ಒತ್ತಿಡು. ಮೇಲೆ ಬಂದ ನೊರೆ ತೆಗೀತಾ ಇರು. ಕೊತಕೊತ ಕುದಿಸಬೇಡ, ಸಣ್ಣ ಉರಿಯಲ್ಲಿ ಒಂದೂವರೆಯಿಂದ ಎರಡು ಗಂಟೆ. ಗುಂಡಿಗೆಗೆ ಚಾಕು ಸಲೀಸಾಗಿ ಇಳಿದರೆ ಆಯ್ತು.

• ಕಿಟಕಿ ತೆಗೆದಿಡು, ಚಳಿ ಅಂತ ಮುಚ್ಚಬೇಡ. ವಾಸನೆ ಪರದೆಗೆ, ಸೋಫಾಕ್ಕೆ ಹತ್ತಿದರೆ ವಾರ ಹೋಗಲ್ಲ.

• ಬೆಂದ ಮೇಲೆ ಇಡೀ ಪಾತ್ರೆಯನ್ನು ಒಲೆ ಮೇಲೇ ಬಿಟ್ಟು ಮಲಗಬೇಡ. ಅಷ್ಟು ನೀರು ಬೆಳಗಾದರೂ ಆರಲ್ಲ, ಕೆಡುತ್ತೆ. ಮಾಂಸ ತೆಗೆದು ಅಗಲ ತಟ್ಟೆಯಲ್ಲಿ ಹರಡು, ಸಾರು ಸೋಸಿ ಚಿಕ್ಕ ಪಾತ್ರೆಗಳಿಗೆ ಹುಯ್ಯಿ. ಒಂದೆರಡು ಗಂಟೆಯೊಳಗೆ ಎರಡೂ ಫ್ರಿಜ್ ಸೇರಬೇಕು. ಸಾರು ಒಂದು ತೊಟ್ಟೂ ಚೆಲ್ಲಬೇಡ, ನಾಳೆ ಓಟ್ಸ್ ಕುಡಿಯೋದು ಅದನ್ನೇ.

ಕಲಸುವಾಗ

• ಓಟ್ಸ್ ಹಸಿಯಾಗಿ ಹಾಕಬೇಡ. ದಪ್ಪ ತಳದ ಬಾಣಲೆಯಲ್ಲಿ, ಉಪ್ಪಿಟ್ಟಿಗೆ ರವೆ ಹುರಿದ ಹಾಗೆ, ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿ. ಓವನ್‌ನಲ್ಲಾದರೆ ತೆಳ್ಳಗೆ ಹರಡಿ ಹದಿನೈದು ಇಪ್ಪತ್ತು ನಿಮಿಷ. ಬಣ್ಣ ತಿರುಗಬಾರದು. ಹುರಿದ ನುಚ್ಚು ಬೆಂದ ಮೇಲೂ ಬಿಡಿಬಿಡಿಯಾಗಿ ನಿಲ್ಲುತ್ತೆ.

• ಲಿವರ್ ಅರ್ಧ ಸಾಕು. ಪೂರ್ತಿ ಹಾಕಿದರೆ ಬೇರೆ ರುಚಿಯೆಲ್ಲ ಅಡಗಿಸಿಬಿಡುತ್ತೆ. ತಣ್ಣಗಾದ ಲಿವರ್ ತುರಿಯುವ ಮಣೆಯಲ್ಲಿ ಚೆನ್ನಾಗಿ ತುರಿಯೋಕೆ ಬರುತ್ತೆ. ಉಳಿದರ್ಧ ಮೆಣಸು ಈರುಳ್ಳಿ ಹಾಕಿ ಹುರಿದು ಅವತ್ತೇ ತಿಂದುಬಿಡು.

• ಪುಪ್ಪುಸದೊಳಗಿನ ನಾಳ, ಮೆದುಎಲುಬು ಒಂದೂ ಉಳಿಯದ ಹಾಗೆ ತೆಗಿ. ಶ್ವಾಸನಾಳ ಎಸಿ. ಗುಂಡಿಗೆ, ಪುಪ್ಪುಸ ದಪ್ಪ ಕೈಮಾ ಥರ ಇರಲಿ. ಮಿಕ್ಸಿಗೆ ಹಾಕಿದರೆ ಚಟ್ನಿಯಾಗುತ್ತೆ.

• ಈರುಳ್ಳಿ ಸಣ್ಣಗೆ ಹೆಚ್ಚು. ಕೊಬ್ಬು ಫ್ರಿಜ್ಜಿನಿಂದ ತೆಗೆದ ಕೂಡಲೇ, ತಣ್ಣಗಿರುವಾಗಲೇ, ತುರಿ. ಚೀಲದೊಳಗೆ ಬೇಯುವಾಗ ಅದು ಕರಗಿ ಕಾಳಿಗೆ ಲೇಪವಾಗಬೇಕು, ಕಲಸುವಾಗಲೇ ಕರಗಿದರೆ ಕೈಗೆ ಮೆತ್ತಿಕೊಳ್ಳುತ್ತೆ ಅಷ್ಟೇ.

• ಮೆಣಸಿಗೆ ಹೆದರಬೇಡ. ಹ್ಯಾಗಿಸ್‌ನ ಖಾರವೆಲ್ಲ ಕಾಳುಮೆಣಸಿನದೇ. ನಾಲಗೆಗೆ ಮೊದಲು ಓಟ್ಸ್ ಸಿಕ್ಕಿ, ಆಮೇಲೆ ಗಂಟಲಲ್ಲಿ ಮೆಣಸು ಬೆಚ್ಚಗೆ ಹತ್ತಬೇಕು. ಆದರೆ ಶುಂಠಿ ಬೆಳ್ಳುಳ್ಳಿ ಪೇಸ್ಟು, ಗರಂ ಮಸಾಲೆ, ಹಸಿಮೆಣಸಿನಕಾಯಿ ಹಾಕಿದರೆ ಅದು ಕೈಮಾ ಆಗುತ್ತೆ, ಹ್ಯಾಗಿಸ್ ಆಗಲ್ಲ. ಆ ರುಚಿ ಬೇಕಾದರೆ ಮಿಕ್ಕಿದ್ದರಲ್ಲಿ ಮಾಡಿಕೋ.

• ಎಲ್ಲ ಕಲಸಿದ ಮೇಲೆ ಮಾಂಸ ಬೇಯಿಸಿದ ಸಾರನ್ನು ಸೌಟು ಸೌಟಾಗಿ ಹಾಕು. ಸುಮಾರು ಅರ್ಧ ಲೀಟರ್ ಹಿಡಿಯುತ್ತೆ. ಹದ ಹೇಗೆ ಗೊತ್ತಾ? ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಕೈ ಬಿಡಿಸಿ ಅಲುಗಿಸಿದರೆ ಜಾರಿ ಬೀಳಬೇಕು. ಈಗ ಗಟ್ಟಿಯಾಗಿದ್ದರೆ ಬೆಂದ ಮೇಲೆ ಒಣ ಪುಡಿ. ಈ ಹಂತದಲ್ಲಿ ‘ಸ್ವಲ್ಪ ತೆಳ್ಳಗಾಯ್ತೇನೋ’ ಅನ್ನಿಸಿದರೇ ಸರಿ.

• ಉಪ್ಪು ಖಾರ ನೋಡೋಕೆ ಒಂದು ಚಮಚ ಬಾಣಲೆಯಲ್ಲಿ ಚೆನ್ನಾಗಿ ಬೇಯಿಸಿ ರುಚಿ ನೋಡು. ಓಟ್ಸ್ ಉಬ್ಬಿದ ಮೇಲೆ ಎರಡೂ ಮಂಕಾಗುತ್ತೆ, ಅದಕ್ಕೇ ಈಗ ಒಂದು ಕೈ ಮುಂದೆಯೇ ಇರಲಿ.

ತುಂಬಿ ಬೇಯಿಸುವಾಗ

• ಚೀಲದ ಒರಟು ಮೈ ಹೊರಗಿರಲಿ, ನುಣುಪು ಮೈ ಒಳಗೆ. ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ತುಂಬಬೇಡ. ಜಾಗ ಇದೆಯಲ್ಲ ಅಂತ ಆಸೆಪಟ್ಟು ಒತ್ತಿದರೆ ನುಚ್ಚು ಉಬ್ಬಿದಾಗ ಹೋಗೋಕೆ ದಾರಿ ಇಲ್ಲದೆ ಚೀಲ ಸಿಡಿಯುತ್ತೆ. ಖಾಲಿ ಕಾಣುವ ಆ ಜಾಗ ಓಟ್ಸಿನ ಪಾಲು.

• ಒಳಗಿನ ಗಾಳಿಯೆಲ್ಲ ಒತ್ತಿ ತೆಗೆದು, ಬಾಯಿ ಮಡಚಿ, ಒತ್ತೊತ್ತಾಗಿ ಹೊಲಿಗೆ ಹಾಕು. ತೂತಿದ್ದರೆ ಅದನ್ನೂ ಹೊಲಿ.

• ಪಾತ್ರೆಯ ತಳದಲ್ಲಿ ತಟ್ಟೆ ಕವುಚಿ ಅದರ ಮೇಲೆ ಚೀಲ ಇಡು, ನೇರವಾಗಿ ತಳಕ್ಕೆ ತಾಗಿದರೆ ಹತ್ತಿ ಹರಿಯುತ್ತೆ. ನೀರು ಬಿಸಿಯಿರಲಿ, ಕುದಿಯುತ್ತಿರಬಾರದು. ಚೀಲ ಉಬ್ಬತೊಡಗಿದ ಕೂಡಲೇ ಸಣ್ಣ ಸೂಜಿಯಿಂದ ಎರಡು ಮೂರು ಕಡೆ ಚುಚ್ಚು, ಆವಿ ಹೋಗಲಿ.

• ಅಲ್ಲಿಂದ ಮೂರು ಗಂಟೆ ಸಣ್ಣ ಉರಿ. ನೀರು ಇಳಿದರೆ ಬಿಸಿನೀರೇ ಸೇರಿಸು. ಅಡುಗೆಮನೆಯ ಥರ್ಮಾಮೀಟರ್ ಇದ್ದರೆ ನಡುಮಧ್ಯ 75 ಡಿಗ್ರಿ ಸೆಲ್ಸಿಯಸ್ ದಾಟಿರಬೇಕು. ಮೂರು ಗಂಟೆ ಬೇಕಾಗೋದು ಮಾಂಸಕ್ಕಲ್ಲ, ಅದು ನಿನ್ನೆಯೇ ಬೆಂದಿದೆ. ನುಚ್ಚು ಸಾರು ಕುಡಿದು ಅರಳೋಕೆ ಅಷ್ಟು ಹೊತ್ತು ಬೇಕು.

• ಚೀಲ ಸಿಗಲಿಲ್ಲ ಅಂತ ಕೈಬಿಡಬೇಡ. ಪುಡಿಂಗ್ ಬೇಸಿನ್‌ಗೆ ತುಂಬಿ, ಮೇಲೆ ಬೆಣ್ಣೆ ಕಾಗದ, ಅದರ ಮೇಲೆ ಫಾಯಿಲ್ ಕಟ್ಟಿ, ಹಬೆಯಲ್ಲಿ ಅಷ್ಟೇ ಹೊತ್ತು ಬೇಯಿಸು. ಅಲ್ಲೂ ಉಬ್ಬೋಕೆ ಜಾಗ ಬಿಡು.

ಬಡಿಸುವಾಗ

• ಪಕ್ಕಕ್ಕೆ ನೀಪ್ಸ್ ಮತ್ತು ಟ್ಯಾಟೀಸ್. ಟ್ಯಾಟೀಸ್ ಅಂದರೆ ಆಲೂಗಡ್ಡೆ. ನೀಪ್ಸ್ ಅಂದರೆ ಹಳದಿ ತಿರುಳಿನ ದೊಡ್ಡ ಸ್ವೀಡ್ ಗಡ್ಡೆ, ಬಿಳಿ ಟರ್ನಿಪ್ ಅಲ್ಲ. ಎರಡನ್ನೂ ಬೇರೆ ಬೇರೆ ಬೇಯಿಸಿ, ನೀರು ಪೂರ್ತಿ ಬಸಿದು, ಬೆಣ್ಣೆ ಹಾಕಿ ಮಸೆ. ಸ್ವೀಡ್‌ಗೆ ಮೆಣಸು ಮುಂದಾಗಿರಲಿ. ಆರ್ಕ್ನಿ ದ್ವೀಪದವರು ಎರಡನ್ನೂ ಒಟ್ಟಿಗೆ ಮಸೆದು ಕ್ಲ್ಯಾಪ್‌ಶಾಟ್ ಅಂತಾರೆ, ಅದೂ ಚೆನ್ನ.

• ವಿಸ್ಕಿ ಕುಡಿಯುವವರಿಗೆ ಒಂದು ಸಣ್ಣ ಲೋಟ ಪಕ್ಕದಲ್ಲಿರಲಿ. ವಿಸ್ಕಿ ಕ್ರೀಮ್ ಸಾಸ್ ಹೋಟೆಲಿನವರ ಕೆಲಸ, ಮನೆಯಲ್ಲಿ ಬೇಕಾಗಿಲ್ಲ. ಹದವಾಗಿ ಬೆಂದದ್ದಕ್ಕೆ ಗ್ರೇವಿ ಕೇಳೋ ಹಾಗೇ ಇರಲ್ಲ.

• ಬರ್ನ್ಸ್ ನೈಟ್ ದಿನ ಕವಿ ರಾಬರ್ಟ್ ಬರ್ನ್ಸ್ ಹ್ಯಾಗಿಸ್ ಮೇಲೆ ಬರೆದ ಪದ್ಯ ಓದಿ ಚೀಲ ಸೀಳ್ತಾರೆ. ಅದು ಅಚ್ಚಾದದ್ದು 1786ರಲ್ಲಿ. ಕವಿ ತೀರಿಕೊಂಡ ಐದು ವರ್ಷಕ್ಕೆ, 1801ರಲ್ಲಿ, ಗೆಳೆಯರು ಅವನು ಹುಟ್ಟಿದ ಆಲೋವೇ ಊರಿನ ಮನೆಯಲ್ಲೇ ಸೇರಿ ಉಂಡದ್ದು ಮೊದಲ ಬರ್ನ್ಸ್ ಊಟ. ಅವತ್ತೂ ಹ್ಯಾಗಿಸ್ ಇತ್ತು, ಕುರಿ ತಲೆಯೂ ಇತ್ತು. ಪದ್ಯ ಸ್ಕಾಟ್ಸ್ ನುಡಿಯದು. ಓದುವ ಕೆಲಸ ಇಲ್ಲಿಯ ಸ್ನೇಹಿತರಿಗೇ ಬಿಡು, ಅವರಿಗೂ ಖುಷಿ.

• ಸೀಳುವವರು ಚಾಕುವನ್ನು ಜೋರಾಗಿ ಚುಚ್ಚಿದರೆ ಒಳಗಿನ ಬಿಸಿ ಆವಿ, ಕೊಬ್ಬು ಮುಖಕ್ಕೆ ಹಾರುತ್ತೆ. ನೀರಿನಿಂದ ತೆಗೆದು ಹತ್ತು ನಿಮಿಷ ಬಿಟ್ಟು, ಸೂಜಿಯಿಂದ ಒಮ್ಮೆ ಚುಚ್ಚಿಯೇ ಮೇಜಿಗೆ ತಾ. ಮಕ್ಕಳನ್ನು ದೂರ ಕೂರಿಸು.

• ಬೆಟ್ಟದಲ್ಲಿ ಓಡಾಡುವ, ಒಂದು ಕಡೆ ಕಾಲು ಗಿಡ್ಡ ಇರುವ ಪ್ರಾಣಿಯೇ ಹ್ಯಾಗಿಸ್ ಅಂತ ಯಾರಾದರೂ ಗಂಭೀರವಾಗಿ ಹೇಳಿದರೆ ತಲೆಯಾಡಿಸಿ ನಗು. ಹೊಸಬರಿಗೆ ಹೇಳುವ ಹಳೇ ತಮಾಷೆ ಅದು.

ಯಾರಿಗೆ ಬಡಿಸಬಾರದು, ಯಾರಿಗೆ ಬೇರೆ ಮಾಡಬೇಕು

• ಬಸುರಿಯರಿಗೆ ಬೇಡ. ಲಿವರ್‌ನಲ್ಲಿ ವಿಟಮಿನ್ ಎ ಬಹಳ ಇರೋದರಿಂದ ಗರ್ಭಕ್ಕೆ ಒಳ್ಳೇದಲ್ಲ ಅಂತ ಇಲ್ಲಿಯ ವೈದ್ಯರೂ ಹೇಳ್ತಾರೆ. ಯೂರಿಕ್ ಆಸಿಡ್ ಹೆಚ್ಚಾಗಿ ಕೀಲು ಊದುವವರಿಗೂ ಒಳಾಂಗದ ಮಾಂಸ ಆಗಿಬರಲ್ಲ.

• ಮಾಂಸ ತಿನ್ನದ ಸ್ನೇಹಿತರಿಗೆ ‘ನೀವು ಆಲೂಗಡ್ಡೆ ತಿನ್ನಿ’ ಅನ್ನಬೇಡ. 1984ರಲ್ಲಿ ಎಡಿನ್‌ಬರೋದ ಸ್ಕಾಟಿಷ್ ಪೊಯೆಟ್ರಿ ಲೈಬ್ರರಿ ಶುರುವಾದಾಗ ಹ್ಯಾಗಿಸ್ ತಯಾರಿಸುವ ಮ್ಯಾಕ್‌ಸ್ವೀನ್ ಮನೆಯವರು ಸಸ್ಯಾಹಾರಿ ಹ್ಯಾಗಿಸ್ ಮಾಡಿ ಬಡಿಸಿದರು, ಈಗದು ಎಲ್ಲ ಕಡೆ ಸಿಗುತ್ತೆ. ಮನೆಯಲ್ಲಾದರೆ ಬೇಯಿಸಿದ ರಾಜ್ಮಾ, ಮಸೂರ್ ಬೇಳೆ, ಅಣಬೆ, ಕ್ಯಾರೆಟ್, ಈರುಳ್ಳಿ, ಸೂರ್ಯಕಾಂತಿ ಬೀಜ, ತರಕಾರಿ ಸೂಯೆಟ್ ಅಥವಾ ಬೆಣ್ಣೆ. ಓಟ್ಸ್, ಮೆಣಸು ಅದೇ, ಹದವೂ ಅದೇ. ಬೇಸಿನ್‌ನಲ್ಲಿ ಒಂದೂವರೆ ಗಂಟೆ ಸಾಕು. ಮಾಂಸ ತೆಗೆದರೂ ಅಡುಗೆ ಹ್ಯಾಗಿಸ್ ಆಗಿಯೇ ಉಳಿಯುತ್ತೆ, ಓಟ್ಸ್ ತೆಗೆದು ನೋಡು, ಏನೂ ಉಳಿಯಲ್ಲ.

• ಅಮೆರಿಕದಲ್ಲಿರುವ ನೆಂಟರು ಇದನ್ನೇ ಮಾಡ್ತೀವಿ ಅಂದರೆ ಮೊದಲೇ ಹೇಳು: ಅಲ್ಲಿ 1971ರಿಂದ ಪುಪ್ಪುಸವನ್ನು ಆಹಾರಕ್ಕೆ ಮಾರುವಂತಿಲ್ಲ. ಗುಂಡಿಗೆ, ನಾಲಗೆ, ಸ್ವಲ್ಪ ಲಿವರ್ ಹಾಕಿ ಮಾಡಲಿ. ಪುಪ್ಪುಸ ಅಡುಗೆಯನ್ನು ಹಗುರ ಮಾಡುತ್ತೆ, ಅದಿಲ್ಲದಿದ್ದರೆ ಸಾರು ಒಂದು ಸೌಟು ಹೆಚ್ಚಿರಲಿ.

ಮಿಕ್ಕಿದ್ದಕ್ಕೆ, ಕೊಂಡು ತಂದದ್ದಕ್ಕೆ

• ಮಿಕ್ಕಿದ್ದು ಫ್ರಿಜ್ಜಿನಲ್ಲಿ ಎರಡು ದಿನ. ಇನ್ನೂ ಇಡಬೇಕಾದರೆ ಹೋಳು ಮಾಡಿ ಫ್ರೀಜರಿಗೆ ಹಾಕು. ಬಿಸಿ ಮಾಡಿದರೆ ನಡುಮಧ್ಯದವರೆಗೆ ಹೊಗೆಯಾಡಬೇಕು. ಬಿಸಿ ಮಾಡಿದ್ದನ್ನು ಮತ್ತೆ ಎತ್ತಿಡಬೇಡ.

• ಬೆಳಗ್ಗೆ ದಪ್ಪ ಹೋಳು ಮಾಡಿ ಕಾವಲಿ ಮೇಲೆ ಎರಡೂ ಕಡೆ ಗರಿಗರಿಯಾಗುವ ಹಾಗೆ ಸುಟ್ಟು, ಮೊಟ್ಟೆ ಜೊತೆ ಕೊಡು. ಸಂಜೆಗಾದರೆ ಉಂಡೆ ಕಟ್ಟಿ ಕಡಲೆಹಿಟ್ಟಿನಲ್ಲಿ ಅದ್ದಿ ಕರಿ. ಹ್ಯಾಗಿಸ್ ಪಕೋಡ ನಮ್ಮ ಮನೆಗಳ ಸಂಶೋಧನೆ ಅಂದುಕೊಳ್ಳಬೇಡ, ಗ್ಲಾಸ್ಗೋದ ಹೋಟೆಲುಗಳಲ್ಲಿ ಸಲೀಸಾಗಿ ಸಿಗುತ್ತೆ. ಹಸಿಮೆಣಸಿನಕಾಯಿ ಹಾಕೋ ಆಸೆ ಇಲ್ಲಿ ತೀರಿಸಿಕೋ.

• ಪುರುಸೊತ್ತಿಲ್ಲದ ವರ್ಷ ಅಂಗಡಿಯದನ್ನೇ ತಾ, ನಾಚಿಕೆ ಬೇಡ. ಅದು ಆಗಲೇ ಬೆಂದಿರುತ್ತೆ, ಬಿಸಿ ಮಾಡಿದರೆ ಸಾಕು. ಹೊರಗಿನ ಪ್ಲಾಸ್ಟಿಕ್ ತೆಗೆದು, ಫಾಯಿಲ್ ಸುತ್ತಿ, ಸ್ವಲ್ಪ ನೀರಿರುವ ತಟ್ಟೆಯಲ್ಲಿಟ್ಟು ಓವನ್‌ಗೆ ಹಾಕು. ಎಷ್ಟು ಹೊತ್ತು ಅಂತ ಪೊಟ್ಟಣದ ಮೇಲೆ ಬರೆದಿರುತ್ತೆ, ಅದನ್ನು ಓದು.

• ಮಾಡಿದ ದಿನವೇ ಒಂದು ಚೀಟಿಯಲ್ಲಿ ಬರೆದಿಡು: ಯಾವ ಅಂಗಡಿಯ ಓಟ್ಸ್, ಎಷ್ಟು ತೂಕ, ಎಷ್ಟು ಸೌಟು ಸಾರು ಹಿಡಿಯಿತು, ಬೆಂದ ಮೇಲೆ ಒಣಗಿತ್ತೋ ಮೆತ್ತಗಿತ್ತೋ. ಮಾಂಸದ ತೂಕ ಪ್ರತಿ ಕುರಿಗೂ ಬದಲಾಗುತ್ತೆ, ಅದನ್ನು ಬರೆದು ಪ್ರಯೋಜನವಿಲ್ಲ. ಓಟ್ಸ್ ಮತ್ತು ಸಾರಿನ ಲೆಕ್ಕ ಕೈಗೆ ಬಂದರೆ ಮುಂದಿನ ಸಲ ನೀನು ಯಾರನ್ನೂ ಕೇಳಬೇಕಾಗಿಲ್ಲ.